ಶೇಕಡಾ ಹನ್ನೆರಡು ಹೆಚ್ಚು

ನಾನು ಒಂದು ಹರಳು. ಉಪ್ಪಿನ ಜಾತಿ, ಸೋಡಿಯಂ ಅಯೊಡೈಡು ಎನ್ನುತ್ತಾರೆ. ಯಾವುದೋ ಹೊರದೇಶದ ಕುಲುಮೆಯಲ್ಲಿ ಕರಗಿ, ವಾರಗಟ್ಟಲೆ ತಣಿದು, ಮುಷ್ಟಿಯಷ್ಟು ಗಾತ್ರಕ್ಕೆ ಬಂದೆ. ತೇವ ಸೋಕಿದರೆ ಕೆಡುತ್ತೇನೆಂದು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು ಬಾಯಿ ಮುಚ್ಚಿದರು. ಕಿರಣ ಬಡಿದರೆ ನಾನು ಒಂದು ಚೂರು ಬೆಳಕು ಚಿಮ್ಮಿಸುತ್ತೇನೆ, ಹಿಂದಿನ ಯಂತ್ರ ಅದನ್ನು ಎಣಿಸುತ್ತದೆ. ಬೇಕು ಬೇಡ ಎನ್ನುವುದು ನನಗಿಲ್ಲ.

ಧಾರವಾಡದ ಒಂದು ಪ್ರಯೋಗಾಲಯಕ್ಕೆ ನನ್ನನ್ನು ತಂದರು. ಸುತ್ತ ಸೀಸದ ಇಟ್ಟಿಗೆಗಳ ಗೂಡು, ನಡುವೆ ಕಬ್ಬಿಣದ ಪೀಠದ ಮೇಲೆ ಆಕಾಶ ನೋಡುತ್ತ ನಾನು. ನನ್ನ ಮೇಲುಗಡೆ ಎಲೆಕ್ಟ್ರಾನುಗಳನ್ನು ಉಗುಳುವ ಒಂದು ಸಣ್ಣ ಬಿಲ್ಲೆ. ಆ ಎಲೆಕ್ಟ್ರಾನುಗಳು ಸೀಸದ ತೆಳು ಹಾಳೆಯೊಳಗೆ ಭಾರವಾದ ಪರಮಾಣುಗಳ ಹತ್ತಿರ ಹಾಯುವಾಗ ದಾರಿ ತಪ್ಪುತ್ತವೆ, ವೇಗ ಕಳೆದುಕೊಳ್ಳುತ್ತವೆ, ಕಳೆದುಕೊಂಡದ್ದನ್ನು ಕಿರಣವಾಗಿ ಬಿಡುತ್ತವೆ. ಆ ಕಿರಣ ಎಷ್ಟೆಂದು ಅಳೆಯಬೇಕಿತ್ತು.

ಅಳೆಯುತ್ತಿದ್ದವಳು ನೀಲಗಂಗಾ, ಪಿಎಚ್.ಡಿ. ವಿದ್ಯಾರ್ಥಿನಿ. ಹಾಳೆಯ ಜೊತೆಗೆ ಎಲೆಕ್ಟ್ರಾನುಗಳನ್ನು ತಡೆಯುವ ಒಂದು ಪ್ಲಾಸ್ಟಿಕ್ ಬಿಲ್ಲೆಯೂ ಇತ್ತು. ಎಲೆಕ್ಟ್ರಾನು ತಲುಪದಂತೆ ಹಾಳೆಯನ್ನು ಅದರ ಕೆಳಗಿಟ್ಟು ಕೆಲವು ದಿನ, ತಲುಪುವಂತೆ ಮೇಲಿಟ್ಟು ಕೆಲವು ದಿನ ಎಣಿಸಿ, ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉತ್ತರ. ಬೇರೆ ಯಾವುದೂ ಕೂದಲೆಳೆಯಷ್ಟೂ ಅಲುಗಬಾರದು. ಮೊದಲ ಎಣಿಕೆ ದಸರೆಯ ಮುಂಚೆ ಮುಗಿಯಿತು, ಎರಡನೆಯದು ದಸರೆಯ ನಂತರ.

ಉತ್ತರ ಸಿದ್ಧಾಂತಕ್ಕಿಂತ ಶೇಕಡಾ ಹನ್ನೆರಡು ಹೆಚ್ಚು ಬಂತು. ಅವಳ ಗೈಡು ಗಲಗಲಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಇಪ್ಪತ್ತು ವರ್ಷ ಬಡಕೊಂಡೆ, ಭಾರಾ ಪರಮಾಣುವಿನ ಹತ್ರ ಥಿಯರಿ ಸೋಲತದ ಅಂತ. ಯಾರರೆ ಕೇಳಿದ್ರೇನು? ಈಗ ನೋಡ್ರಿ ಅಂತೀನಿ!"

ಗ್ರಾಫನ್ನು ಗೋಡೆಗೆ ಅಂಟಿಸಿದರು. ಪೇಢಾ ಹಂಚಿದರು. ನೀಲಗಂಗಾ ಪ್ರಬಂಧ ಬರೆದು ಸಲ್ಲಿಸಿದಳು, ಮೌಖಿಕ ಪರೀಕ್ಷೆಯ ದಿನವೂ ನಿಗದಿಯಾಯಿತು. ಜೂನಿನೊಳಗೆ ಪದವಿ ಕೈಗೆ ಬಂದರೆ ಬಾಗಲಕೋಟೆಯ ಕಾಲೇಜಿನಲ್ಲಿ ಅಧ್ಯಾಪಕಿಯ ಹುದ್ದೆ ಅವಳದು. ಆರು ವರ್ಷ ಕಾದಿದ್ದಳು.

ಪರೀಕ್ಷಕರು ನೋಡಲು ಬರುತ್ತಾರೆಂದು ಅವಳು ಧೂಳು ಒರೆಸಲು ಸೀಸದ ಇಟ್ಟಿಗೆ ತೆಗೆದು ನನ್ನನ್ನು ಎತ್ತಿದಳು. ನನ್ನ ಕೆಳಗೆ ನಾಲ್ಕು ಮಡಿಕೆಯ ಖಣ ಇತ್ತು, ಕುಬಸದ ಬಟ್ಟೆ, ಕೆಂಪು ಬಣ್ಣದ್ದು. ಅಟೆಂಡರ್ ಯಂಕಪ್ಪನನ್ನು ಕರೆದಳು.

"ಇದನ್ನ ಯಾವಾಗ ಹಾಕಿದ್ರಿ ಕಾಕಾ?"

"ಖಂಡೇನವಮಿ ದಿನಾ ರೀ ಬಾಯಾರ, ಆಯುಧಪೂಜಿ ಮಾಡುವಾಗ. ಬರೇ ಕಬ್ಬಿಣದ ಮ್ಯಾಲೆ ಹೆಂಗ ಕೂಡಸೂದ್ರಿ? ಹಬ್ಬಕ್ಕ ಅದಕ್ಕೂ ಒಂದು ಹೊಸಾ ಅರಿವಿ ಬ್ಯಾಡೇನು? ನಮ್ಮ ಮನ್ಯಾಕಿ ಖಣಾನ ಮಡಚಿ ಹಾಕೀನ್ರಿ."

"ಛಲೋ ಮಾಡೀರಿ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಅವನು ಖುಷಿಯಿಂದ ಹೋದ.

ನಾಲ್ಕು ಮಡಿಕೆ ಎಂದರೆ ಮೂರು ಮಿಲಿಮೀಟರು. ಎರಡನೆಯ ಎಣಿಕೆಯ ಹೊತ್ತಿಗೆ ನಾನು ಅಷ್ಟು ಮೇಲೆದ್ದಿದ್ದೆ. ಕಿರಣಕ್ಕೆ ಹತ್ತಿರವಾಗಿದ್ದೆ, ಹೆಚ್ಚು ಎಣಿಸಿದ್ದೆ. ನಾನು ಸುಳ್ಳು ಹೇಳಿರಲಿಲ್ಲ. ಹಾಗೆಂದು ನನ್ನನ್ನು ಯಾರೂ ಕೇಳಲಿಲ್ಲ.

ಅವಳು ಖಣ ತೆಗೆದು ಹನ್ನೊಂದು ದಿನ ಹೊಸದಾಗಿ ಎಣಿಸಿದಳು. ಊಟದ ಡಬ್ಬಿ ಒಮ್ಮೊಮ್ಮೆ ಮುಚ್ಚಿದಂತೆಯೇ ಮನೆಗೆ ಹೋಗುತ್ತಿತ್ತು. ಆ ಶೇಕಡಾ ಹನ್ನೆರಡು ಹೋಯಿತು. ಉಳಿದದ್ದು ಪುಸ್ತಕದಲ್ಲಿದ್ದ ಸಂಖ್ಯೆಯೇ.

ಗಲಗಲಿ ಸರ್ ಹೊಸ ಎಣಿಕೆಯ ಕಾಗದ ಓದಿ, ಎದ್ದು ಬಾಗಿಲು ಮುಚ್ಚಿ ಬಂದರು.

"ಯಾರಿಗರೆ ಹೇಳೀಯೇನು?"

"ಇಲ್ರಿ ಸರ್."

"ಹಂಗಾರ ಹೇಳಬ್ಯಾಡ."

"ಹೇಳತೀನ್ರಿ," ಎಂದಳು.

ಕಂಡದ್ದನ್ನು ಕಂಡಂತೆ ಹೇಳಿದರೆ ಕೆಂಡದಂಥ ಕೋಪವಂತೆ. ಸರ್ ಕೂಗಾಡಲಿಲ್ಲ. ಗೋಡೆಯ ಗ್ರಾಫನ್ನು ಮೆಲ್ಲಗೆ ಕಿತ್ತು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಅಂದಿನಿಂದ ಅವಳೊಡನೆ ಮಾತು ಬಿಟ್ಟರು.

ಪ್ರಬಂಧವನ್ನು ಅವಳೇ ಹಿಂದಕ್ಕೆ ಪಡೆದು ತಿದ್ದಿದಳು. ಎರಡು ವರ್ಷ ಹಿಡಿಯಿತು. ಬಾಗಲಕೋಟೆಯ ಹುದ್ದೆ ಬೇರೊಬ್ಬರ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೌಖಿಕ ಪರೀಕ್ಷೆ ನನ್ನ ಪಕ್ಕದಲ್ಲೇ ನಡೆಯಿತು. ಪರೀಕ್ಷಕರು ಪುಟ ತಿರುವಿ ಕೇಳಿದರು, "ಎಲ್ಲಾ ಥಿಯರಿ ಪ್ರಕಾರನ ಬಂದದಲ್ಲವಾ, ಇದರಾಗ ಹೊಸಾದು ಏನದ?"

"ಏನೂ ಇಲ್ರಿ ಸರ್. ಖರೇ ಐತಿ, ಅಷ್ಟ."

ಪದವಿ ಕೊಟ್ಟರು. ಯಾರೂ ಪೇಢಾ ತರಲಿಲ್ಲ. ಅವಳು ನನ್ನ ಡಬ್ಬಿ ಒರೆಸಿಟ್ಟು ಹೋದಳು, ಮತ್ತೆ ಬರಲಿಲ್ಲ.

ಆಮೇಲೆ ನನ್ನ ಡಬ್ಬಿಯ ಬೆಸುಗೆ ಬಿಟ್ಟಿತು. ತೇವ ಒಳಬಂದು ಹಳದಿಯಾದೆ. ಹೊಸ ಹರಳು ಬಂತು, ನನ್ನನ್ನು ಕಪಾಟಿಗೆ ಸೇರಿಸಿದರು. ನೋವೇನೂ ಆಗಲಿಲ್ಲ.

ನಿವೃತ್ತಿಯ ದಿನ ಗಲಗಲಿ ಸರ್ ಒಬ್ಬರೇ ಬಂದು ಕಪಾಟು ತೆರೆದರು. ಕೊರಳಲ್ಲಿ ಇನ್ನೂ ಹಾರವಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟರು.

"ಅಕಿ ಸುಮ್ಮನಿದ್ದಿದ್ರ ನಾ ಇವತ್ತು ಗೆದ್ದು ಮನೀಗೆ ಹೋಗತಿದ್ದೆ ನೋಡು," ಎಂದರು. ಮತ್ತೆ, "ನನಗ ಖರೇ ಶಿಷ್ಯಾ ಅಂತ ಸಿಕ್ಕಾಕಿ ಅಕಿ ಒಬ್ಬಾಕಿನ. ಅಕಿ ಜೋಡಿನೂ ನಾ ಮಾತಾಡಲಿಲ್ಲ," ಎಂದರು.

ಕೈ ತೆಗೆಯಲಿಲ್ಲ. ಮನುಷ್ಯರ ಮೈಯಿಂದಲೂ ಅಷ್ಟಿಷ್ಟು ಕಿರಣ ಹೊರಡುತ್ತದೆ. ನನ್ನ ವೈರು ಕಿತ್ತು ಆಗಲೇ ಮೂರು ವರ್ಷವಾಗಿತ್ತು. ನಾನು ಏನನ್ನೂ ಎಣಿಸಲಿಲ್ಲ.