ಶಾಖ ವರ್ಗಾವಣೆ

ತೊಂಬತ್ತಾರು.

ತೊಂಬತ್ತೇಳಕ್ಕೆ ಏರುವ ಮೊದಲೇ ಅವನು ಎದ್ದು ಕಿಟಕಿ ತೆರೆದ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿತ್ತು. ಮುಚ್ಚಿದ. ತಿರುಗಿ ನೋಡಿದರೆ ಪರದೆಯ ಮೇಲೆ ತೊಂಬತ್ತೇಳು ಡಿಗ್ರಿ.

ಮೇಜಿನ ಮೇಲೆ ಕಂಪ್ಯೂಟರಿನ ಡಬ್ಬ ಒಂದು ಬದಿಯ ತಗಡು ಕಳಚಿಕೊಂಡು, ಆಪರೇಷನ್ ಅರ್ಧಕ್ಕೆ ನಿಂತ ರೋಗಿಯ ಹಾಗೆ ಕರುಳು ತೋರಿಸುತ್ತಿತ್ತು. ಒಳಗೆ ಮೂರು ಫ್ಯಾನು, ಹೊರಗಿನಿಂದ ಒಂದು ಮೇಜಿನ ಫ್ಯಾನು. ಊರಿಗೆಲ್ಲ ನಾಲ್ಕೇ ಫ್ಯಾನುಗಳಿರುವ ನಟನಂತೆ ಪ್ರೊಸೆಸರು ಒಳಗೊಳಗೇ ಉರಿಯುತ್ತಿತ್ತು.

ಕಾರ್ಖಾನೆಯವರು ಅದಕ್ಕೆ ಗೊತ್ತುಮಾಡಿದ ವೇಗ ಒಂದು, ಅವನು ಓಡಿಸುತ್ತಿದ್ದ ವೇಗ ಇನ್ನೊಂದು. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅಷ್ಟು ಓಡಿ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಿರಲಿಲ್ಲ. ಆ ಯಂತ್ರ ಮಾಡುತ್ತಿದ್ದ ಅತಿ ಭಾರವಾದ ಕೆಲಸವೆಂದರೆ ಕಾಲೇಜಿನ ಅಂಕಪಟ್ಟಿ ತುಂಬುವುದು. ಅವನು ಭೌತಶಾಸ್ತ್ರದ ಮೇಷ್ಟ್ರು. ಹದಿನಾರು ವರ್ಷದಿಂದ ಒಂದೇ ಪಾಠವನ್ನು ಒಂದೇ ಜೋಕಿನ ಸಮೇತ ಮಾಡುತ್ತಿದ್ದ. ಪಾಠದ ಹೆಸರು ಶಾಖ ವರ್ಗಾವಣೆ.

ಮನೆಯಲ್ಲಿ ಇನ್ನೊಂದು ವರ್ಗಾವಣೆಯಿತ್ತು. ಅದು ಹೆಂಡತಿಯದು. ಅವಳ ಬ್ಯಾಂಕಿನ ಕಾಗದ ಎಂಟು ದಿನದಿಂದ ಊಟದ ಮೇಜಿನ ಮೇಲೆ, ನೀರಿನ ಜಗ್ಗಿನ ಕೆಳಗೆ ಒದ್ದೆಯಾಗುತ್ತಿತ್ತು. ಬಡ್ತಿ, ಬೇರೆ ಊರು, ಹತ್ತು ಗಂಟೆಯ ದಾರಿ. ಒಪ್ಪಿಗೆಯೋ ಅಲ್ಲವೋ, ಇವತ್ತು ಸಂಜೆ ಐದರೊಳಗೆ ತಿಳಿಸಬೇಕು.

ಈಗ ಎರಡೂವರೆ.

"ರೀ," ಎಂದಳು ಬಾಗಿಲಲ್ಲಿ ನಿಂತು. "ಏನಂತ ಬರೀಲಿ?"

"ಒಂದ್ನಿಮಿಷ. ಹೀಟ್ ಟೆಸ್ಟ್ ಓಡ್ತಾ ಇದೆ."

"ಎಂಟು ದಿನದಿಂದ ಓಡ್ತಾನೇ ಇದೆ."

"ನಿನ್ನಿಷ್ಟ ಅಂದ್ನಲ್ಲ."

"ನನ್ನಿಷ್ಟ ನನಗೆ ಗೊತ್ತು. ನಾನು ಕೇಳ್ತಿರೋದು ನಿಮ್ಮದು. ಹೋಗು, ಹೋಗ್ಬೇಡ, ನಾನೂ ಬರ್ತೀನಿ. ಮೂರೇ ಇರೋದು. ಒಂದಕ್ಕೆ ಟಿಕ್ ಹಾಕಿ, ನಿಮ್ಮ ಪ್ರಶ್ನೆಪತ್ರಿಕೆ ಥರ."

"ಸುಮ್ನೆ ತಲೆಬಿಸಿ ಮಾಡ್ಬೇಡ."

"ಬಿಸಿಯಾದ್ರೂ ಆಗ್ಲಿ ಬಿಡಿ, ಎಲ್ಲಾದ್ರೂ."

ಪರದೆ ಕಪ್ಪಾಯಿತು. ನೂರು ಮುಟ್ಟಿದರೆ ಯಂತ್ರ ಸುಟ್ಟುಹೋಗುವ ಬದಲು ಮೂರ್ಛೆ ಹೋಗುತ್ತದೆ, ಹಾಗಾಗುವಂತೆಯೇ ಅದನ್ನು ಮಾಡಿರುತ್ತಾರೆ. ಅವನಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಅವಳು ಹೋದ ಮೇಲೆ ಯೋಚಿಸಿದ. ದೋಷ ಗಾಳಿಯದ್ದೇ. ಫ್ಯಾನು ಬೀಸಿದ್ದೆಲ್ಲ ಅತ್ತಿತ್ತ ಚದುರಿ ಪೋಲಾಗುತ್ತಿದೆ. ಗಾಳಿಗೊಂದು ಕಾಲುವೆ ಬೇಕು. ಮಂಚದ ಕೆಳಗೆ ಗಟ್ಟಿ ರಟ್ಟಿನ ಡಬ್ಬವೊಂದು ಸಿಕ್ಕಿತು. ಒಳಗಿದ್ದ ಹೊಸ ಚಪ್ಪಲಿ ತೆಗೆದು ನೆಲದ ಮೇಲಿಟ್ಟು, ರಟ್ಟನ್ನು ಕತ್ತರಿಸಿ, ಮಡಚಿ, ಟೇಪು ಸುತ್ತಿ ಕೂಲರಿನ ಬಾಯಿಗೆ ಹೊಂದಿಸಿದ. ಕೂಲರೆಂದರೆ ತೆಳು ತಗಡಿನ ರೆಕ್ಕೆಗಳ ದೊಡ್ಡ ಗೋಪುರ. ಪ್ರೊಸೆಸರಿನ ನೆತ್ತಿಯ ಮೇಲೆ ಕೂತು ಅದರ ಬಿಸಿ ಹೀರಬೇಕಾದದ್ದು. ಮೂರು ತಿಂಗಳ ಹಿಂದೆ ಅವನೇ ಕೂರಿಸಿದ್ದ. ಟಾರ್ಚು ಹಿಡಿದವಳು ಅವಳು.

ಹಜಾರದಲ್ಲಿ ಅವಳ ತಂಗಿಯ ಫೋನು. ಸ್ಪೀಕರಿನಲ್ಲಿಯೇ ಇತ್ತು, ಕೇಳಲಿ ಎಂದೇ ಇರಬೇಕು.

"ಭಾವ ಏನಂದ್ರು ಅಕ್ಕ?"

"ಗಾಳಿ ಹಾಕ್ತಿದಾರೆ."

"ಯಾರಿಗೆ?"

"ಡಬ್ಬಕ್ಕೆ."

"ಹೆಸರಿಗೆ ಮಾತ್ರ ಭಾವ ಕಣೇ. ಹುಡುಕಿದ್ರೂ ಒಂದು ಭಾವ ಇಲ್ಲ."

ಇಬ್ಬರೂ ನಕ್ಕರು. ತಂಗಿಯ ನಗು ಮುಗಿದ ಮೇಲೂ ಅಕ್ಕನದು ಸ್ವಲ್ಪ ಹೊತ್ತು ನಡೆಯಿತು. ಅದು ನಗುವೇ ಹೌದೋ ಅಲ್ಲವೋ ಎಂದು ಅವನು ಎದ್ದು ಹೋಗಿ ನೋಡಲಿಲ್ಲ. ಕೈಯಲ್ಲಿ ಟೇಪಿತ್ತು.

ಹೋಗಬೇಡ ಎನ್ನಬಹುದು. ಆಗ ಅವಳು ಉಳಿಯುತ್ತಾಳೆ, ಉಳಿದದ್ದನ್ನು ದಿನವೂ ನೆನಪಿಸದೆ ನೆನಪಿಸುತ್ತಾಳೆ. ನಾನೂ ಬರುತ್ತೇನೆ ಎನ್ನಬಹುದು. ಬಾ ಎಂದು ಅವಳು ಕರೆದಿದ್ದಾಳೆಯೆ? ಹೋಗು ಎನ್ನಬಹುದು. ಆ ಎರಡಕ್ಷರ ಮಾತ್ರ ಗಂಟಲಲ್ಲಿ ಯಾವ ಅಡ್ಡಿಯೂ ಇಲ್ಲದೆ ಸಿದ್ಧವಾಗಿದ್ದುದು ಕಂಡು ಅವನಿಗೆ ಭಯವಾಯಿತು.

ಗಂಟೆ ಮೂರೂ ಮುಕ್ಕಾಲು. ಕಾಲುವೆ ಕಟ್ಟಿದ ಮೇಲೂ ತೊಂಬತ್ತಾರು. ಅಷ್ಟು ಗಾಳಿಗೂ ತಣಿಯದ್ದು ಯಾವ ಬೆಂಕಿ?

ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದ.

"ಫ್ಯಾನ್ ಉಲ್ಟಾ ಹಾಕಿಲ್ಲ ತಾನೆ ಮೇಷ್ಟ್ರೆ?"

"ಇಲ್ಲ."

"ಬೇಜಾರ್ ಮಾಡ್ಕೊಳ್ಳಲ್ಲ ಅಂದ್ರೆ ಒಂದು ಕೇಳ್ಲಾ? ಕೂಲರ್ ತಳಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ತೆಗೆದೇ ಕೂರ್ಸಿದ್ರಾ?"

"ಏನಂದ್ಕೊಂಡಿದೀರಿ ನನ್ನ? ಕಾಲೇಜಲ್ಲಿ ಇದನ್ನೇ ಪಾಠ ಮಾಡೋನು ನಾನು."

"ಅದಕ್ಕೇ ಕೇಳ್ದೆ ಸಾರ್. ಓದಿದೋರೇ ಜಾಸ್ತಿ ಮರೆಯೋದು. ಓದದೇ ಇರೋರು ಅದರ ಮೇಲೆ ಬರೆದಿರೋದನ್ನ ಓದ್ತಾರೆ."

"ತೆಗೆದಿದ್ದೆ," ಎಂದ.

ಫೋನಿಟ್ಟು ಅಂಗೈ ಒರೆಸಿಕೊಂಡ. ಸ್ಕ್ರೂಡ್ರೈವರ್ ಹುಡುಕಿದ.

ನಾಲ್ಕು ಸ್ಕ್ರೂ ಬಿಚ್ಚಿ ಗೋಪುರವನ್ನು ಮೆಲ್ಲಗೆ ತಿರುಚಿ ಎತ್ತಿದ. ತಳದಲ್ಲಿ, ಬಿಸಿ ದಾಟಲೆಂದು ಹಚ್ಚುವ ಬೂದು ಬಣ್ಣದ ಪೇಸ್ಟು ಒಣಗಿತ್ತು. ಒರೆಸಿದ. ಪೇಸ್ಟಿನ ಕೆಳಗೆ ಏನೋ ಮಿಂಚಿತು. ಉಗುರಿನಿಂದ ಮೀಟಿದರೆ ಒಂದು ಅಂಚು ಎದ್ದಿತು. ತೆಳ್ಳಗೆ, ಪಾರದರ್ಶಕ, ಬೆರಳಗಲದ ಪೊರೆ. ಕಣ್ಣಿಗೆ ಪೊರೆ ಬಂದರೆ ಏನೂ ಕಾಣುವುದಿಲ್ಲ. ಇಲ್ಲಿ ಪೊರೆಯೇ ಕಂಡಿರಲಿಲ್ಲ. ಅದರ ಮೇಲೆ ಕೆಂಪಕ್ಷರ: ಜೋಡಿಸುವ ಮುನ್ನ ತೆಗೆಯಿರಿ.

ಒಂದೇ ಎಳೆತಕ್ಕೆ ಬಂತು. ಮೇಜಿನ ಮೇಲೆ ಹಾಕಿದ. ತಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟು ಹಾಕಿ, ಸ್ಕ್ರೂ ಬಿಗಿದು, ಟೆಸ್ಟು ಓಡಿಸಿದ.

ಅರವತ್ತೊಂದು. ಅರವತ್ತಾರು. ಅರವತ್ತೆಂಟು. ಅರವತ್ತೆಂಟು. ಇಪ್ಪತ್ತು ನಿಮಿಷವಾದರೂ ಅರವತ್ತೆಂಟು.

"ಬಾರೇ ಇಲ್ಲಿ!" ಎಂದು ಕೂಗಿದ. ದನಿ ಅವನದ್ದೆಂದು ಅವನಿಗೇ ಅನಿಸಲಿಲ್ಲ. "ನೋಡು ಬಾ!"

ಅವಳು ಬಂದಳು, ಬರಿಗಾಲಲ್ಲಿ, ಕೈಯಲ್ಲಿ ಫೋನು. ಪರದೆ ನೋಡಿದಳು. ಚಿಂದಿಯಾದ ಚಪ್ಪಲಿ ಡಬ್ಬ ನೋಡಿದಳು. ಹೊಸ ಆಫೀಸಿಗೆಂದು ತಂದ ಚಪ್ಪಲಿ.

"ಏನಾಗಿತ್ತು?"

"ಮಧ್ಯೆ ಒಂದು ಹಾಳೆ ಇತ್ತು. ಮೂರು ತಿಂಗಳು! ಎರಡೂ ಅಂಟ್ಕೊಂಡೇ ಕೂತಿದ್ವು, ಒಂದಕ್ಕೊಂದು ತಾಗಿರಲೇ ಇಲ್ಲ."

"ಗೊತ್ತು."

"ಗೊತ್ತಾ?"

"ಅವತ್ತೇ ನೋಡ್ದೆ. ಏನೋ ಹಾಳೆ ಇದೆಯಲ್ಲಾ ಅಂದೆ. ಟಾರ್ಚ್ ನೆಟ್ಟಗೆ ಹಿಡಿ ಅಂದ್ರಿ. ಹಿಡಿದೆ."

"ಇನ್ನೊಂದ್ಸಲ ಹೇಳ್ಬಾರ್ದಿತ್ತಾ?"

"ಎಷ್ಟನೇ ಸಲಕ್ಕೆ ನಿಮಗೆ ಕೇಳ್ಸತ್ತೆ ಅನ್ನೋದು ನನಗಿನ್ನೂ ಗೊತ್ತಾಗಿಲ್ಲ ರೀ."

ಟೆಸ್ಟು ಮುಗಿಯಿತು. ಇನ್ನು ತಣಿಸುವುದಕ್ಕೆ ಏನೂ ಉಳಿಯದೆ ಒಳಗಿನ ಫ್ಯಾನುಗಳು ಒಂದರ ಹಿಂದೊಂದು ನಿಂತವು. ಅವನು ಮೇಜಿನ ಫ್ಯಾನನ್ನೂ ಆರಿಸಿದ. ಮೂರು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಗೋಡೆ ಗಡಿಯಾರ ಕೇಳಿಸಿತು.

"ಎರಡು ಬರೆದಿಟ್ಟಿದೀನಿ," ಎಂದಳು ಫೋನು ತೋರಿಸಿ. "ಒಪ್ಪಿದೀನಿ ಅಂತ ಒಂದು, ಇಲ್ಲ ಅಂತ ಒಂದು. ಯಾವುದು ಕಳಿಸ್ಲಿ?"

ಅವನು ಬಾಯಿ ತೆರೆದ. ಮೇಜಿಗೆ ಊರಿದ್ದ ಹೆಬ್ಬೆರಳಿಗೆ ಏನೋ ಅಂಟಿಕೊಂಡಿತ್ತು. ಆ ಹಾಳೆಯೇ. ಕೊಡವಿದ, ಬೀಳಲಿಲ್ಲ. ಅಂಗಿಗೆ ಉಜ್ಜಿದ, ಹೋಗಲಿಲ್ಲ. ಇನ್ನೊಂದು ಕೈಯಿಂದ ಎಳೆದರೆ ಆ ಕೈಗೆ ಹತ್ತಿಕೊಂಡಿತು.

"ಕೊಡಿ ಇಲ್ಲಿ," ಎಂದು ಅವಳು ಕೈ ಚಾಚಿ ಹಾಳೆಯನ್ನು ಒತ್ತಿ ಹಿಡಿದಳು. ಈಚೆ ಅವನ ಹೆಬ್ಬೆರಳು, ಆಚೆ ಅವಳದು.

"ಬಿಡಿ."

"ನೀನು ಬಿಡು."

ಯಾರೂ ಬಿಡಲಿಲ್ಲ. ಐದಕ್ಕೆ ಮೂರು ನಿಮಿಷ. ಹಾಳೆಯ ಮೂಲಕ ಅವಳ ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಇಷ್ಟು ವರ್ಷ ಅವನು ನೋಡಿರದ ಒಂದು ಹಳೆಯ ಸುಟ್ಟ ಕಲೆಯೂ. ಅವನು ಇನ್ನೂ ಗಟ್ಟಿಯಾಗಿ ಒತ್ತಿದ. ಅವಳೂ ಒತ್ತಿದಳು. ಆ ಬೆರಳು ಬಿಸಿಯಿದೆಯೋ ತಣ್ಣಗಿದೆಯೋ, ಎಷ್ಟು ಒತ್ತಿದರೂ ಅವನಿಗೆ ತಿಳಿಯಲಿಲ್ಲ.