ಇಬ್ಬರೇ ಅಂದ ಇಸ್ತ್ರಿಯಮ್ಮ

ಪಕ್ಕದ ಬೀದಿಯಲ್ಲಿ ಮೂರು ಮಕ್ಕಳಿಗೆ ದಡಾರ ಬಂದಿತ್ತು. ಮರುದಿನವೇ ನರ್ಸಮ್ಮ ಫಾರಂ ಹಿಡಿದು ಇಸ್ತ್ರಿ ಅಂಗಡಿಯ ಮುಂದೆ ನಿಂತರು.

“ನಿನ್ನೆ ಎಷ್ಟು ಜನರನ್ನ ಹತ್ತಿರದಿಂದ ಮಾತಾಡಿಸಿದ್ರಿ? ಎಷ್ಟು ಮನೆಯೊಳಗೆ ಹೋಗಿದ್ರಿ?”

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಯಾಕೆ?”

“ಕಾಯಿಲೆ ಯಾವ ಬೀದಿಗೆ ಬೇಗ ಹಬ್ಬುತ್ತೆ ಅಂತ ಗಣಿತ ಹಾಕಿ ಅಂದಾಜು ಮಾಡ್ತಾರೆ.”

“ಕಾಯಿಲೆಗೂ ಟೈಮ್‌ಟೇಬಲ್ಲಾ? ಇಬ್ಬರು. ನನ್ನ ಮಗಳು, ಮೊಮ್ಮಗ. ಬರ್ಕೊಳ್ಳಿ.”

ಅವಳ ಬೆನ್ನ ಹಿಂದೆ ನಲವತ್ತು ಮನೆಗಳ ಬಟ್ಟೆಗಂಟುಗಳಿದ್ದವು.

“ಇವೇನು ತಾವೇ ನಡ್ಕೊಂಡು ಬಂದ್ವಾ?”

“ಬಾಗಿಲ ಹೊರಗೆ ಇಟ್ಟಿರ್ತಾರೆ.”

ನರ್ಸಮ್ಮ ಎರಡು ಎಂದು ಬರೆದುಕೊಂಡು ಹೋದರು. ಇಸ್ತ್ರಿಯಮ್ಮ ತಕ್ಷಣ ಅಂಗಡಿ ಸಾಲಿಗೆಲ್ಲ ಸುದ್ದಿ ಮುಟ್ಟಿಸಿದಳು: “ಜಾಸ್ತಿ ಹೇಳಿದ್ರೆ ಬೀಗ ಜಡೀತಾರೆ. ಎಲ್ಲರೂ ಇಬ್ಬರು ಅನ್ನಿ.” ದಿನಕ್ಕೆ ಮೂವತ್ತು ತಲೆ ಕತ್ತರಿಸುವ ಕ್ಷೌರಿಕನೂ ಇಬ್ಬರೇ ಅಂದ.

ವಾರ ಕಳೆಯಿತು. ಯಾವ ಬೀದಿಗೆ ಯಾವಾಗ ಲಸಿಕೆ ಎಂಬ ಪಟ್ಟಿ ಆರೋಗ್ಯ ಕೇಂದ್ರದ ಗೋಡೆಗೆ ಬಿತ್ತು. ಅವರ ಬೀದಿ ಕೊನೆಯದು, ಅದೂ ಇನ್ನು ಮೂರು ವಾರದ ಮೇಲೆ. ಅದೇ ದಿನ ಬೀದಿಯ ತುದಿಯ ಡ್ರೈವರನ ಮನೆಗೆ ಬಟ್ಟೆ ಕೊಡಲು ಹೋದಾಗ, ಅವನ ಮಗಳ ಮೈತುಂಬ ಕೆಂಪು ಗುಳ್ಳೆ.

ಇಸ್ತ್ರಿಯಮ್ಮನ ಮೊಮ್ಮಗನಿಗೆ ಏಳು ತಿಂಗಳು. ದಡಾರದ ಲಸಿಕೆ ಹಾಕಿಸುವ ವಯಸ್ಸಲ್ಲ. ಸುತ್ತಲಿನ ಮಕ್ಕಳಿಗೆ ಲಸಿಕೆ ಆದರೆ ಮಾತ್ರ ಅವನ ಸುತ್ತ ಬೇಲಿ.

ಅವಳು ಆರೋಗ್ಯ ಕೇಂದ್ರಕ್ಕೆ ನುಗ್ಗಿದಳು. “ನಮ್ಮ ಬೀದಿ ಮಕ್ಕಳೇನು ಬಿಟ್ಟಿ ಬಿದ್ದಿದ್ದಾರಾ? ಯಾರು ಹೇಳಿದ್ದು ನಮ್ಮದು ಕೊನೆಗೆ ಅಂತ?”

“ನೀವೇ,” ಅಂದರು ನರ್ಸಮ್ಮ. “ಬಣ್ಣ ಬಿಡೋ ಅಂಗಿ ಒಂದು ತೊಟ್ಟಿಗೆ ಬಿತ್ತು. ಎಷ್ಟು ಬಟ್ಟೆ ಹಾಳಾಗುತ್ತೆ?”

“ತೊಟ್ಟೀಲಿ ಎಷ್ಟಿದೆಯೋ ನೋಡಿ ಹೇಳ್ಬೇಕು.”

“ಅಷ್ಟೇ ಲೆಕ್ಕ. ಲಸಿಕೆ ಹಾಕೋರು ನಾವು ಮೂರೇ ಜನ. ತುಂಬಿದ ತೊಟ್ಟಿಗೆ ಮೊದಲು ಓಡ್ತೀವಿ. ನಿಮ್ಮ ಬೀದಿಯವರು ಎರಡೆರಡೇ ಬಟ್ಟೆ ಅಂದ್ರಿ.”

ಇಸ್ತ್ರಿಯಮ್ಮ ಇನ್ನೂ ಬಿಡಲಿಲ್ಲ. “ನಿಮ್ಮ ಗಣಿತ ತಪ್ಪೋದೇ ಇಲ್ವಾ?”

“ತಪ್ಪುತ್ತೆ. ಅದು ಅಂದಾಜು. ಸುಳ್ಳು ಕೊಟ್ರೆ ಇನ್ನೂ ತಪ್ಪುತ್ತೆ.”

“ಈ ಫಾರಂ, ಅಂಗಡಿ ಮುಚ್ಚಿಸೋರ ಕೈಗೆ ಹೋಗುತ್ತಾ?”

“ಇಲ್ಲ. ಇದರಲ್ಲಿ ಬೀದಿ ಮಾತ್ರ ಇದೆ, ಹೆಸರೇ ಇಲ್ಲ. ನೀವೇ ನೋಡಿ.”

ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೆಳಕಿಗೂ ಹಿಡಿದಳು. “ನಲವತ್ತು ಮನೆ. ಅದರಲ್ಲಿ ಇಪ್ಪತ್ತಾರರ ಒಳಗೇ ಹೋಗ್ತೀನಿ. ನನ್ನ ಕಣ್ಣೆದುರೇ ಬರೀರಿ.”

ಆಮೇಲೆ ಕ್ಷೌರಿಕನ ಅಂಗಡಿಗೆ ಹೋಗಿ, ಅರ್ಧ ಕ್ಷೌರದಲ್ಲೇ ಅವನನ್ನು ಎಳೆದುಕೊಂಡು ಬಂದಳು. “ಮೂವತ್ತು ಅನ್ನು, ಮಾರಾಯ. ನಿನ್ನಿಂದ ನನ್ನ ಮೊಮ್ಮಗ ಸಾಯೋದು ಬೇಡ.” ಸಂಜೆಯೊಳಗೆ ಇಡೀ ಸಾಲು ಉತ್ತರ ತಿದ್ದಿತು.

ಹೊಸ ಲೆಕ್ಕದಲ್ಲಿ ಅವರ ಬೀದಿ ಮೇಲಕ್ಕೆ ಬಂತು. ಮೂರನೇ ದಿನ ಇಸ್ತ್ರಿ ಮೇಜಿನ ಮೇಲೆಯೇ ಲಸಿಕೆಯ ಪೆಟ್ಟಿಗೆ ಕೂತಿತು. ಕಾಯಿಲೆ ಬೀದಿಯ ಇನ್ನಿಬ್ಬರು ಮಕ್ಕಳಿಗೆ ತಗುಲಿ, ಅಲ್ಲಿಗೆ ನಿಂತಿತು. ಮೊಮ್ಮಗನವರೆಗೆ ಬರಲಿಲ್ಲ. ಆ ಇಬ್ಬರ ಮನೆಯ ಬಟ್ಟೆಗಂಟು ಎತ್ತುವಾಗ ಇಸ್ತ್ರಿಯಮ್ಮ ಈಗಲೂ ತಲೆ ಎತ್ತುವುದಿಲ್ಲ.

ನಿಮ್ಮ ಬಾಗಿಲಿಗೂ ಇಂಥ ಫಾರಂ ಬರಬಹುದು. ಅನುಮಾನವಿದ್ದರೆ ಕೇಳಿ: ಇದು ಯಾಕೆ, ಯಾರು ನೋಡುತ್ತಾರೆ, ಹೆಸರು ಬರೆಯುತ್ತೀರಾ? ಉತ್ತರ ಸಿಗುವ ತನಕ ಅವರನ್ನು ಬಾಗಿಲಲ್ಲೇ ನಿಲ್ಲಿಸಿ. ಸಿಕ್ಕ ಮೇಲೆ ನಿಜ ಹೇಳಿ. ನೀವು ಹೇಳುವ ಸಂಖ್ಯೆ ನೋಡಿಯೇ ಲಸಿಕೆ ನಿಮ್ಮ ಬೀದಿಗೆ ಹೊರಡುತ್ತದೆ.