ತಡ್ಪೆ ಇಳಿಸಿದ ಕೈ

ಆಪರೇಷನ್ ಮುಗಿದು ಎಚ್ಚರವಾದ ಕೂಡಲೇ ಪ್ರೇಮಾವತಿ ಎಡಗೈಯಿಂದ ಬಲಗೈಯನ್ನು ತಡಕಿದಳು. ಬಲಗಡೆ ಎದೆಗೂ ಕಂಕುಳಿಗೂ ಬ್ಯಾಂಡೇಜು.

"ಕೈ ಅಲ್ಲೇ ಉಂಟಮ್ಮ, ಎಲ್ಲಿಗೂ ಓಡಿಹೋಗ್ಲಿಲ್ಲ" ಎಂದಳು ಮಗಳು ಸಾತ್ವಿಕಾ.

ತಮಾಷೆ ಹಿಡಿಸಲಿಲ್ಲ. ವೇಣೂರಿನಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಇದೇ ಸ್ತನ ಕ್ಯಾನ್ಸರ್ ಬಂದಿದ್ದ ಅಕ್ಕನಿಗೆ ಹಿಂದೆ ಕಂಕುಳಿನ ಗಂಟುಗಳನ್ನೆಲ್ಲ, ಅಂದರೆ ದುಗ್ಧರಸ ಗ್ರಂಥಿಗಳನ್ನು, ತೆಗೆದಿದ್ದರು. ಜೀವ ಉಳಿಯಿತು, ಕೈ ಬಾತುಕೊಂಡಿತು. ಬಳೆ ಏರದ ಆ ಕೈ ಮತ್ತೆ ಬೀಡಿ ಸುತ್ತಲಿಲ್ಲ. ಅದಕ್ಕೇ ಆಪರೇಷನ್ನಿಗೆ ಮೊದಲು ಪ್ರೇಮಾವತಿ ಡಾಕ್ಟರ್ ಮಾಜಿದಾರಲ್ಲಿ ಹಟ ಹಿಡಿದಿದ್ದಳು: "ಗಡ್ಡೆ ತೆಗೀರಿ, ಬೇಡ ಹೇಳುವುದಿಲ್ಲ. ಕೈ ಮಾತ್ರ ನನಗೆ ಬೇಕು."

"ಹೊಳೆಯುವ ಬಣ್ಣ ಚುಚ್ಚಿ ನೋಡ್ತೇನೆ. ಕ್ಯಾನ್ಸರ್ ಹರಡಿದ್ರೆ ಮೊದಲು ಯಾವ ಗಂಟಿಗೆ ಹೋಗ್ತದೆ ಅಂತ ಅದು ತೋರಿಸ್ತದೆ. ಅಲ್ಲಿ ಇಲ್ಲದಿದ್ರೆ ಉಳಿದದ್ದನ್ನು ಮುಟ್ಟುವುದಿಲ್ಲ" ಎಂದಿದ್ದರು ಅವರು. ಕೈ ಉಳಿಸುತ್ತೇನೆಂದು ಮಾತು ಮಾತ್ರ ಕೊಟ್ಟಿರಲಿಲ್ಲ.

ಈಗ ಅವರೇ ಬಂದು ಫೋನಿನಲ್ಲಿ ವಿಡಿಯೊ ತೋರಿಸಿದರು. ಕಪ್ಪು ಪರದೆಯಲ್ಲಿ ಹಸಿರು ಗೆರೆಯೊಂದು ಮೆಲ್ಲನೆ ಹರಿದು ಎರಡು ಚುಕ್ಕೆಗಳಲ್ಲಿ ನಿಂತಿತು.

"ಈ ಎರಡನ್ನೇ ತೆಗೆದು ಆಗಲೇ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲ. ಉಳಿದದ್ದೆಲ್ಲ ನಿಮ್ಮಲ್ಲೇ ಉಂಟು."

"ನಾನು ಬೀಡಿಯ ಎಲೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕ್ತೇನಲ್ಲ, ಹಾಗೆಯಾ?"

"ಹಾಗೆಯೇ" ಎಂದು ಡಾಕ್ಟರ್ ನಕ್ಕರು. ಪ್ರೇಮಾವತಿಗೆ ಖುಷಿಯಲ್ಲಿ ಅಳು ಉಕ್ಕಿ ಬಂತು. ಅಕ್ಕನ ನೆನಪಾಗಿ ಇನ್ನಷ್ಟು ಅತ್ತಳು.

ಮನೆಗೆ ಬಂದ ಮೇಲೆ ಸಾತ್ವಿಕಾ ಬೀಡಿ ಕಟ್ಟುವಾಗ ಮಡಿಲಲ್ಲಿಡುವ ಮೊರ, ಆ ತಡ್ಪೆಯನ್ನು, ಎಲೆ, ಕತ್ತರಿ ಸಮೇತ ಕಪಾಟಿನ ನೆತ್ತಿಗೇರಿಸಿದಳು. "ರೇಡಿಯೇಷನ್ ಮುಗಿಯುವ ತನಕ ಬೀಡಿಯ ಸುದ್ದಿ ಎತ್ಬೇಡ ಮಾರಾಯ್ತಿ. ಕೈ ಎಟುಕಿದ ದಿನ ನೀನೇ ತೆಕ್ಕೋ."

ಅಮ್ಮನ ಹಟ ಗೊತ್ತಿದ್ದೂ ಹಾಗೆ ಹೇಳಬಾರದಿತ್ತು. ಡಾಕ್ಟರ್ ಹೇಳಿಕೊಟ್ಟಂತೆ ಪ್ರೇಮಾವತಿ ದಿನಾ ಕಪಾಟಿನ ಪಕ್ಕದ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಏರಿಸಿದಳು, ಮುಟ್ಟಿದಲ್ಲಿ ಮಸಿಯ ಗೆರೆ ಎಳೆದಳು. ರೇಡಿಯೇಷನ್ನಿಗೆ ಹೋಗುವಾಗ ಮೂಡುಬಿದಿರೆಯ ಬಸ್ಸಿನಲ್ಲಿ ಜೊತೆಗೆ ಬೀಡಿ ಕಟ್ಟುವ ಜುಲೈಕಾ "ಕತ್ತಲೆಯಲ್ಲಿ ಹೊಳಿತೀಯಾ ಹೇಗೆ?" ಎಂದು ಕಿಚಾಯಿಸಿದರೆ, "ಕರೆಂಟು ಹೋದಾಗ ಬಾ, ತೋರಿಸ್ತೇನೆ" ಎಂದಳು.

ರೇಡಿಯೇಷನ್ ಮುಗಿದ ವಾರ ಅಕ್ಕ ಬಂದಳು. ಗೋಡೆಯ ಗೆರೆಗಳನ್ನು ಅವಳು ನೋಡುತ್ತಿದ್ದಂತೆ ಪ್ರೇಮಾವತಿಯ ಬಲಗೈ ಕೊನೆಯ ಗೆರೆಯನ್ನೂ ದಾಟಿತು, ತಡ್ಪೆಯ ಅಂಚು ಹಿಡಿಯಿತು. ಧೂಳಿನೊಂದಿಗೆ ಅದು ಕೆಳಗಿಳಿಯಿತು.

"ಅಬ್ಬಾ!" ಎಂದಳು ಅಕ್ಕ.

ಇಬ್ಬರೂ ಹೊಸ್ತಿಲಲ್ಲಿ ಕೂತರು. ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದರಿಂದ ಅಕ್ಕ ತಡ್ಪೆಯಲ್ಲಿದ್ದ ಒಂದು ಎಲೆಯನ್ನೆತ್ತಿ ಬಿಸಿಲಿಗೆ ಹಿಡಿದಳು. ಆಮೇಲೆ ಅದನ್ನು ತಂಗಿಯ ಕೈಗಿತ್ತಳು.